ಅನುಪಾತ 38ರ ಒಳಗಿದ್ದರೆ

ಗರ್ಭಿಣಿಯರಲ್ಲಿ ಪ್ರಿಎಕ್ಲಾಂಪ್ಸಿಯಾದ ಶಂಕೆಯಿದ್ದಾಗ ಮಾಡುವ ರಕ್ತಪರೀಕ್ಷೆಯೊಂದು ಜರಾಯುವಿನಿಂದ ತಾಯಿಯ ರಕ್ತಕ್ಕೆ ಸೇರುವ ಎರಡು ಪ್ರೋಟೀನುಗಳನ್ನು ಅಳೆಯುತ್ತದೆ: ರಕ್ತನಾಳಗಳನ್ನು ಪೋಷಿಸುವ ಪಿಎಲ್‌ಜಿಎಫ್ ಮತ್ತು ಅದನ್ನು ಹಿಡಿದಿಟ್ಟು ನಿಷ್ಕ್ರಿಯಗೊಳಿಸುವ ಎಸ್‌ಎಫ್‌ಎಲ್‌ಟಿ-1. ಪ್ರಿಎಕ್ಲಾಂಪ್ಸಿಯಾದಲ್ಲಿ, ಅಂದರೆ ಸಾಮಾನ್ಯವಾಗಿ ಗರ್ಭಾವಸ್ಥೆಯ 20 ವಾರಗಳ ನಂತರ ರಕ್ತದೊತ್ತಡ ಏರಿ ಮೂತ್ರಪಿಂಡ, ಯಕೃತ್ತು ಮೊದಲಾದ ಅಂಗಗಳನ್ನು ಬಾಧಿಸುವ ಸ್ಥಿತಿಯಲ್ಲಿ, ಎರಡನೆಯದು ಹೆಚ್ಚಿ ಮೊದಲನೆಯದು ಕುಗ್ಗುವುದರಿಂದ ಅವುಗಳ ಅನುಪಾತ ಏರುತ್ತದೆ. 2016ರಲ್ಲಿ ಪ್ರಕಟವಾದ ಪ್ರೊಗ್ನೋಸಿಸ್ ಅಧ್ಯಯನದ ಪ್ರಕಾರ, ಈ ಕಾಯಿಲೆಯ ಶಂಕೆಯಿರುವವರಲ್ಲಿ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮುಂದಿನ 1 ವಾರದಲ್ಲಿ ಅದು ತಲೆದೋರುವ ಸಾಧ್ಯತೆ ತೀರಾ ಅಲ್ಪ, ಮತ್ತು ಪರೀಕ್ಷೆಯ ನಿಜವಾದ ಬಲವಿರುವುದು ಈ ಭರವಸೆಯಲ್ಲೇ. ಏಕೆಂದರೆ 38ನ್ನು ಮೀರಿದವರಲ್ಲೂ 4 ವಾರಗಳೊಳಗೆ ಕಾಯಿಲೆ ಕಾಣಿಸಿಕೊಂಡದ್ದು ಸುಮಾರು ಶೇ 37ರಷ್ಟು ಮಂದಿಯಲ್ಲಿ ಮಾತ್ರ. ಆದರೂ ತೀವ್ರ ತಲೆನೋವು, ಮಂಜಾದ ದೃಷ್ಟಿ ಅಥವಾ ಪಕ್ಕೆಲುಬಿನ ಕೆಳಗೆ ನೋವು ಕಂಡರೆ, ಅನುಪಾತ ಎಷ್ಟೇ ಇರಲಿ, ತಡಮಾಡದೆ ಆಸ್ಪತ್ರೆ ಸೇರಬೇಕು.