ಒಡೆದ ಹಿಮ್ಮಡಿ

ಮಾಗಿಯ ಚಳಿ. ಭತ್ತದ ಕೊಯ್ಲಿನ ಕಾಲ. ಸೊಸೆ ಕುಂಟುತ್ತಾ ಗದ್ದೆಯಿಂದ ಬಂದಳು. ಅವಳ ಹಿಮ್ಮಡಿ ಒಡೆದು ರಕ್ತ ಒಸರುತ್ತಿತ್ತು.

ನೆರೆಮನೆಯಾಕೆ ಹೇಳಿದಳು: "ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚು. ಹಿಂದಿನಿಂದ್ಲೂ ಹಚ್ತಾರೆ."

ಅತ್ತೆ ಹೇಳಿದಳು: "ಬೇಡ. ಕೊಬ್ಬರಿ ಎಣ್ಣೆ ಹಚ್ಕೋ. ನಮ್ಮಮ್ಮ ಅದನ್ನೇ ಹಚ್ತಿದ್ಲು."

ಎರಡೂ ಹಳೆಯ ಮದ್ದು. ಯಾವುದನ್ನು ನಂಬೋದು? ಅತ್ತೆ, ಸೊಸೆ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು.

ನರ್ಸಮ್ಮ ಹೇಳಿದರು: "ನಮ್ಮ ಚರ್ಮ ಒಂದು ಗೋಡೆ ಇದ್ದ ಹಾಗೆ. ಕಲ್ಲುಗಳ ನಡುವೆ ಗಾರೆ ಇರುತ್ತೆ ಅಲ್ವಾ? ಹಾಗೆ ಚರ್ಮದಲ್ಲಿ ಜಿಡ್ಡು ಇರುತ್ತೆ. ಅದು ಒಳಗಿನ ನೀರನ್ನು ಹಿಡಿದಿಡುತ್ತೆ. ಬಿಸಿನೀರು, ಸೋಪು ಈ ಜಿಡ್ಡನ್ನು ತೆಗೀತವೆ. ಒಣಗಾಳಿ ನೀರನ್ನು ಹೀರುತ್ತೆ. ಆಗ ಚರ್ಮ ಬತ್ತಿದ ಕೆರೆಯಂತೆ ಬಿರಿಯುತ್ತೆ. ಎಣ್ಣೆ ಹಚ್ಚಿದರೆ ನೀರು ಬೇಗ ಆರೋದಿಲ್ಲ."

ಇದನ್ನು ವೈದ್ಯರು ಪರೀಕ್ಷೆ ಮಾಡಿ ನೋಡಿದ್ದಾರೆ. ಫಿಲಿಪ್ಪೀನ್ಸ್ ದೇಶದಲ್ಲಿ ಒಣಚರ್ಮದ 34 ಜನರಿಗೆ ಎರಡು ವಾರ ಎಣ್ಣೆ ಹಚ್ಚಿಸಿದರು. ಕೆಲವರಿಗೆ ಕೊಬ್ಬರಿ ಎಣ್ಣೆ, ಉಳಿದವರಿಗೆ ಮಿನರಲ್ ಎಣ್ಣೆ. ಎರಡರಿಂದಲೂ ಗುಣ ಕಂಡಿತು. ಈ ವರದಿ 2004ರಲ್ಲಿ ಬಂತು.

"ಗೇರು ಸಿಪ್ಪೆಯ ಎಣ್ಣೆ ಬೇಡವೇ ಬೇಡ. ಅದು ಚರ್ಮವನ್ನು ಸುಡುತ್ತೆ. ಗೇರುಬೀಜ ಸುಲಿಯುವ ಹೆಂಗಸರ ಕೈ ನೋಡಿಲ್ವಾ?" ಎಂದರು ನರ್ಸಮ್ಮ.

ಹೀಗೆ ಮಾಡಿ:

1. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲು ಇಡಿ.
2. ಬಟ್ಟೆಯಿಂದ ಒತ್ತಿ ಒರೆಸಿ. ಬೆರಳ ಸಂದಿಯನ್ನು ಪೂರ್ತಿ ಒಣಗಿಸಿ.
3. ಹಿಮ್ಮಡಿಯಲ್ಲಿ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ.
4. ಬಿರುಕನ್ನು ಬ್ಲೇಡಿನಿಂದ ಕೆರೆಯಬೇಡಿ.
5. ಕೀವು, ಬಾವು ಇದ್ದರೆ ಮನೆಮದ್ದು ಬಿಡಿ. ಡಾಕ್ಟರಿಗೆ ತೋರಿಸಿ.

ಅತ್ತೆ ನಕ್ಕಳು. "ನನ್ನ ಹಿಮ್ಮಡೀನೂ ಒಡೆದಿದೆ. ಆದ್ರೆ ನಂಗೆ ನೋವೇ ಇಲ್ಲ!"

ನರ್ಸಮ್ಮ ನಗಲಿಲ್ಲ. ಕೂಡಲೇ ರಕ್ತ ಪರೀಕ್ಷೆ ಮಾಡಿಸಿದರು. ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಬಹುದು. ಆಗ ಗಾಯ ಆದರೂ ಗೊತ್ತಾಗೋದಿಲ್ಲ. ಬಿರುಕು ಹುಣ್ಣಾಗುತ್ತೆ. ಕಾಲು ಕತ್ತರಿಸುವ ತನಕ ಹೋಗಬಹುದು. ಇಂಥವರು ಕಾಲನ್ನು ನೀರಲ್ಲಿ ನೆನೆಸಬಾರದು. ತೊಳೆದು, ಒರೆಸಿ ಎಣ್ಣೆ ಹಚ್ಚಬೇಕು. ದಿನಾ ಪಾದ ನೋಡಿಕೊಳ್ಳಬೇಕು. ಬರಿಗಾಲಲ್ಲಿ ನಡೆಯಬಾರದು.

ಈಗ ಸೊಸೆ ದಿನಾ ರಾತ್ರಿ ಎರಡು ಜೊತೆ ಕಾಲು ನೋಡುತ್ತಾಳೆ. ಒಂದು ತನ್ನದು. ಇನ್ನೊಂದು ಅತ್ತೆಯದು.

ಹಳೇದೆಲ್ಲಾ ಒಳ್ಳೇದಲ್ಲ. ಹಳೇದೆಲ್ಲಾ ಕೆಟ್ಟದ್ದೂ ಅಲ್ಲ. ಕಾರಣ ಕೇಳಿ, ತಿಳಿದು ಮಾಡೋಣ.

ನೀವೇ ಹೇಳಿ:

1. ಎಣ್ಣೆಯನ್ನು ಪಸೆ ಇರುವಾಗಲೇ ಯಾಕೆ ಹಚ್ಚಬೇಕು?
2. ಅತ್ತೆಗೆ ನೋವು ಯಾಕೆ ಗೊತ್ತಾಗಲಿಲ್ಲ?
3. ನಿಮ್ಮ ಮನೆಯಲ್ಲಿ ಯಾರ ಪಾದ ನೋಡಬೇಕು?