ಎಂಜಿನ್ ಆಯಿಲ್: ಹೆಸರು ನೋಡಬೇಕೇ, ಬೆಲೆ ನೋಡಬೇಕೇ?



ಬೆಳಗಿನ ಹಾಲನ್ನು ಸಂಘಕ್ಕೆ ತರುವ ಬೈಕು, ಮೇವು ಸಾಗಿಸುವ ಟ್ರಾಕ್ಟರ್, ನೀರೆತ್ತುವ ಡೀಸೆಲ್ ಪಂಪ್‌ಸೆಟ್ ಇವೆಲ್ಲವೂ ಇಂದು ಹೈನುಗಾರಿಕೆಯ ಅಂಗಗಳೇ ಆಗಿವೆ. ಇವುಗಳ ಎಂಜಿನ್ ಹಾಳಾದರೆ ಹಲವು ವಾರಗಳ ಹಾಲಿನ ಬಟವಾಡೆ ರಿಪೇರಿಗೇ ಹೋಗುತ್ತದೆ. ಆದರೂ ಆಯಿಲ್ ಕೊಳ್ಳುವಾಗ ಕೆಲವರು "ಅಪ್ಪನ ಕಾಲದಿಂದಲೂ ಇದೇ ಕಂಪನಿ" ಎಂದು ಹೆಸರನ್ನಷ್ಟೇ ನೋಡುತ್ತಾರೆ. ಇನ್ನು ಕೆಲವರು "ಎಣ್ಣೆ ಎಲ್ಲಾ ಒಂದೇ" ಎಂದು ಅಗ್ಗದ್ದನ್ನು ತರುತ್ತಾರೆ. ಎರಡೂ ಸರಿಯಲ್ಲ.

ಹಾಲಿನ ಪಾಠ

ನಿಮ್ಮ ಹಾಲಿಗೆ ದರ ಕಟ್ಟುವುದು ಹಸುವಿನ ಹೆಸರಿನಿಂದಲ್ಲ, ಜಿಡ್ಡಿನಂಶ ಮತ್ತು ಜಿಡ್ಡೇತರ ಘನಾಂಶದಿಂದ. ಆಯಿಲ್‌ಗೂ ಇಂತಹ ಅಳತೆಗಳಿವೆ. ಅವು ಡಬ್ಬದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿತವಾಗಿರುತ್ತವೆ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

1. ಎಸ್‌ಎಇ: ಇದು ಎಣ್ಣೆಯ ಮಂದತನದ ಅಳತೆ. ಉದಾಹರಣೆಗೆ 20ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40. ಮೊದಲ ಅಂಕಿ ತಣ್ಣಗಿರುವಾಗ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನೂ, ಎರಡನೆಯದು ಎಂಜಿನ್ ಕಾದಾಗ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನೂ ಹೇಳುತ್ತದೆ.

2. ಎಪಿಐ: ಇದು ಗುಣಮಟ್ಟದ ದರ್ಜೆ. 'ಎಸ್' ಅಕ್ಷರದಿಂದ ಆರಂಭವಾದರೆ ಪೆಟ್ರೋಲ್ ಎಂಜಿನ್‌ಗೆ, 'ಸಿ' ಯಿಂದ ಆರಂಭವಾದರೆ ಡೀಸೆಲ್ ಎಂಜಿನ್‌ಗೆ. ಸಿಎಚ್-4 ಹೇಳಿರುವ ಟ್ರಾಕ್ಟರಿಗೆ ಅದಕ್ಕಿಂತ ಹೊಸದಾದ ಸಿಐ-4 ಹಾಕಬಹುದು. ಕೆಳಗಿನ ದರ್ಜೆಯದನ್ನು ಹಾಕಬಾರದು.

3. ಜಾಸೊ: ಇದು ದ್ವಿಚಕ್ರ ವಾಹನಗಳಿಗೆ. ಗೇರ್ ಇರುವ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಕೂಡ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಇವಕ್ಕೆ ಎಂಎ ಅಥವಾ ಎಂಎ2 ಗುರುತು ಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಂಭವವಿದೆ. ಗೇರಿಲ್ಲದ ಸ್ಕೂಟರುಗಳಿಗೆ ಸಾಮಾನ್ಯವಾಗಿ ಎಂಬಿ ಗುರುತಿನದು ಬರುತ್ತದೆ.

ವಾಹನದ ಜೊತೆ ಕೊಟ್ಟ ಪುಸ್ತಕದಲ್ಲಿ ಈ ಗುರುತುಗಳಿರುತ್ತವೆ. ಅವನ್ನು ಚೀಟಿಯಲ್ಲಿ ಬರೆದು ಅಂಗಡಿಗೆ ಒಯ್ಯಿರಿ. ವಾರಂಟಿ ಇರುವವರೆಗೆ ಬಿಲ್ಲನ್ನೂ ಜೋಪಾನವಾಗಿಡಿ.

ಹೆಸರಿನ ಬೆಲೆ ಎಷ್ಟು?

ಗ್ರಾಹಕರು 'ನಂದಿನಿ' ಹೆಸರು ನಂಬಿ ಹಾಲು ಕೊಳ್ಳುತ್ತಾರೆ. ಆ ನಂಬಿಕೆಯ ಹಿಂದೆ ಪರೀಕ್ಷೆಯಿದೆ, ಹೊಣೆಗಾರಿಕೆಯಿದೆ. ಆಯಿಲ್‌ನಲ್ಲೂ ಹೆಸರಿಗಿರುವ ಬೆಲೆ ಅಷ್ಟೇ. ಸರ್ವೊ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್ ಯಾವುದೇ ಇರಲಿ, ಪುಸ್ತಕ ಕೇಳುವ ಗುರುತುಗಳಿದ್ದರೆ ಅವುಗಳಲ್ಲಿ ಅಗ್ಗವಾದುದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಮೆಕ್ಯಾನಿಕ್ ಒಂದೇ ಕಂಪನಿಯದನ್ನು ಒತ್ತಾಯಿಸಿದರೆ ಕಾರಣ ಕೇಳಿ. ಕೆಲವು ಡಬ್ಬಗಳಲ್ಲಿ ಅವರಿಗೆ ಸಿಗುವ ಕೂಪನ್ ಇರುವುದುಂಟು.

ಲೆಕ್ಕ ಹಾಕಿ ನೋಡಿ

900 ಮಿ.ಲೀ. ಡಬ್ಬಕ್ಕೆ 360 ರೂಪಾಯಿ, 1 ಲೀಟರ್ ಡಬ್ಬಕ್ಕೆ 380 ರೂಪಾಯಿ ಎನ್ನೋಣ. ಮೊದಲನೆಯದು ಅಗ್ಗವೆಂದು ಕಂಡರೂ ಲೀಟರಿಗೆ 400 ರೂಪಾಯಿ ಬೀಳುತ್ತದೆ.

ಇನ್ನೊಂದು ಲೆಕ್ಕ. 8 ಲೀಟರ್ ಹಿಡಿಯುವ ಟ್ರಾಕ್ಟರಿಗೆ 250 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು ಎನ್ನೋಣ. ಗುರುತೇ ಇಲ್ಲದ ಆಯಿಲ್‌ನಿಂದ ಲೀಟರಿಗೆ 100 ರೂಪಾಯಿ ಉಳಿಸಿದರೆ ಗಂಟೆಗೆ ಉಳಿಯುವುದು 3 ರೂಪಾಯಿ 20 ಪೈಸೆ ಮಾತ್ರ. ಇಷ್ಟಕ್ಕಾಗಿ ಎಂಜಿನ್ ಬಿಚ್ಚಿಸುವ ಅಪಾಯ ತಂದುಕೊಳ್ಳಬೇಕೇ? ಹಾಗೆಯೇ, ದುಬಾರಿ ಆಯಿಲ್ ಹಾಕಿದೆನೆಂದು ಅವಧಿ ಮೀರಿ ಓಡಿಸುವುದೂ ತಪ್ಪು. ಅವಧಿಗೆ ಸರಿಯಾಗಿ ಆಯಿಲ್ ಹಾಗೂ ಫಿಲ್ಟರ್ ಬದಲಿಸಿದರೆ ಎಂಜಿನ್ ಬಾಳಿಕೆ ಬರುತ್ತದೆ.

ಎಚ್ಚರಿಕೆ

* ಹೆಸರಾಂತ ಕಂಪನಿಗಳ ಡಬ್ಬಗಳಲ್ಲೇ ನಕಲಿ ತುಂಬಿ ಮಾರುವುದು ಹೆಚ್ಚು. ಸೀಲು ನೋಡಿ, ಬಿಲ್ಲು ಪಡೆದೇ ಕೊಳ್ಳಿ.
* ಖಾಲಿ ಡಬ್ಬಕ್ಕೆ ತೂತು ಮಾಡಿ ಎಸೆಯಿರಿ. ಅದರಲ್ಲಿ ಹಾಲನ್ನಾಗಲಿ ನೀರನ್ನಾಗಲಿ ತುಂಬಬೇಡಿ.
* ಹಳೆಯ ಆಯಿಲ್ ದನಕರುಗಳಿಗೆ ವಿಷ. ಅವು ನೆಕ್ಕುವಂತೆ ಕೊಟ್ಟಿಗೆಯ ಬಳಿ ಇಡಬೇಡಿ, ಗಾಯಕ್ಕೆ ಹಚ್ಚಬೇಡಿ, ಬಾವಿಯ ಹತ್ತಿರ ಚೆಲ್ಲಬೇಡಿ. ಮುಚ್ಚಿದ ಡಬ್ಬದಲ್ಲಿ ಸಂಗ್ರಹಿಸಿ ವರ್ಕ್‌ಶಾಪಿಗೆ ಕೊಡಿ.

ನೆನಪಿಡಿ: ಮೊದಲು ಗುರುತು, ಆಮೇಲೆ ಬೆಲೆ, ಕೊನೆಗೆ ಹೆಸರು. ನಮ್ಮ ಹಾಲನ್ನು ಅಳೆದು ಕೊಳ್ಳುವಂತೆ ನಾವು ಕೊಳ್ಳುವುದನ್ನೂ ಅಳೆದೇ ಕೊಳ್ಳೋಣ.