ಹನ್ನೊಂದು ಇಂಚು ನೀರು

ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಆ ದಿನ ಸಾಲ ಕೊಡುತ್ತಿರಲಿಲ್ಲ, ಮಕ್ಕಳ ಮೇಲೆ ಕೈ ಎತ್ತುತ್ತಿರಲಿಲ್ಲ. ಅವರ ಮೊಮ್ಮಗನಾದ ನಾನು 2024ರ ಏಪ್ರಿಲ್ 10ರಂದು, ಹೊಸತೊಡಕಿನ ಬೆಳಿಗ್ಗೆ, ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲಿ ನಿಂತು ನೀರಿನ ಟ್ಯಾಂಕರ್ ಡ್ರೈವರ್ ಒಬ್ಬನನ್ನು ಕಳ್ಳ ಅಂದೆ. ಹಿಂದಿನ ದಿನವಷ್ಟೇ ಕ್ರೋಧಿ ಸಂವತ್ಸರ ಹುಟ್ಟಿತ್ತು. ಹೆಸರಿಗೆ ತಕ್ಕಂತೆ ಬೋಣಿ ಮಾಡಿದವನು ನಾನು.

ಆ ಬೇಸಿಗೆ ಹೇಗಿತ್ತು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಉಪಮುಖ್ಯಮಂತ್ರಿಗಳೇ ಹೇಳಿದ್ದರು. ನಮ್ಮ ಬೋರು ಶಿವರಾತ್ರಿಗೇ ಬರೀ ಗಾಳಿ ಉಗುಳಿತು. 6,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಗೊತ್ತು ಮಾಡಿತ್ತು. ಆ ಪೇಪರ್ ಕಟಿಂಗು ನನ್ನ ಜೇಬಿನಲ್ಲೇ ಇರುತ್ತಿತ್ತು. ಕೊಡುತ್ತಿದ್ದದ್ದು ಮಾತ್ರ 1,200. ದೂರು ಹೇಳೋಣ ಅಂತ ಒಂದು ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ‘ಅದು ನಮಗೆ ಬರಲ್ಲ’ ಅಂದರು. ಅಲ್ಲಿ ಒಬ್ಬರಾದರೂ ನೆಟ್ಟಗೆ ಉತ್ತರ ಕೊಟ್ಟಿದ್ದರೆ ನನ್ನ ತಲೆ ಅಷ್ಟು ಕಾಯುತ್ತಿರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ನಾನು 34 ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವನು. ನಮ್ಮ ಸಂಪು ಹತ್ತಡಿ ಉದ್ದ, ಆರಡಿ ಅಗಲ. ಒಂದು ಇಂಚು ನೀರು ಏರಿದರೆ ಐದು ಘನ ಅಡಿ, ಅಂದರೆ ಸುಮಾರು 141 ಲೀಟರ್. 6,000 ಲೀಟರ್ ಬಿದ್ದರೆ ನಲವತ್ತೆರಡು ಇಂಚು ಏರಬೇಕು. ಇದಕ್ಕೆಂದೇ ಒಂದು ಬಿದಿರು ಕೋಲಿಗೆ ಬಣ್ಣದಲ್ಲಿ ಗೆರೆ ಎಳೆದು ಇಟ್ಟುಕೊಂಡಿದ್ದೆ.

ಯುಗಾದಿಯ ಎಣ್ಣೆಸ್ನಾನಕ್ಕೆ ಇದ್ದಬದ್ದ ನೀರೆಲ್ಲ ಮುಗಿದು, ಮೇಲಿನ ಟ್ಯಾಂಕೂ ಬರಿದಾಗಿತ್ತು. ಮಧ್ಯಾಹ್ನ ಊಟಕ್ಕೆ ಹದಿನಾಲ್ಕು ಜನ. ಬೆಳಿಗ್ಗೆ ಏಳಕ್ಕೆ ಟ್ಯಾಂಕರ್ ಬಂತು. ಮುಕ್ಕಾಲು ಗಂಟೆ ಬಿಟ್ಟು ಕೋಲು ಇಳಿಸಿದೆ. ಏರಿದ್ದು ಮೂವತ್ತೊಂದು ಇಂಚು. ಮತ್ತೆ ಇಳಿಸಿದೆ, ಅಷ್ಟೇ. ಹನ್ನೊಂದು ಇಂಚು ಕಮ್ಮಿ, 1,550 ಲೀಟರ್ ಮಾಯ.

ಡ್ರೈವರು ದುಡ್ಡಿಗೆ ಕಾಯುತ್ತಾ ಬಾಗಿಲಿಗೆ ಒರಗಿ ನಿಂತಿದ್ದ. ಒದ್ದೆ ಕೋಲು ಹಿಡಿದುಕೊಂಡೇ ಹೋದೆ.

“ದಾರೀಲಿ ಯಾರಿಗೆ ಬಿಟ್ಟು ಬಂದೆ?”

“ಏನ್ ಸಾರ್?”

“1,550 ಲೀಟರ್ ಎಲ್ಲಿ ಹೋಯ್ತು ಅಂತ ಕೇಳ್ದೆ. ಕಳ್ಳತನ ಮಾಡೋಕೂ ಒಂದು ಲೆಕ್ಕ ಬೇಡ್ವಾ?”

“ಒಂದ್ ತೊಟ್ಟೂ ಆಚೆ ಬಿಟ್ಟಿಲ್ಲ ಸಾರ್. ಬೇಕಾದ್ರೆ ಮೇಲೆ ಹತ್ತಿ ನೋಡಿ.”

ನಾನು ಹತ್ತಲಿಲ್ಲ. ಅಷ್ಟರಲ್ಲಿ ಎದುರು ಮನೆಯವರು ಗೇಟಿಗೆ ಬಂದಿದ್ದರು, ಮಟನ್ ತರಲು ಹೊರಟವರು ಸ್ಕೂಟರ್ ನಿಲ್ಲಿಸಿದ್ದರು. ಜನ ಸೇರಿದಷ್ಟೂ ನನ್ನ ಗಂಟಲು ಏರಿತು. ಕೈಯಲ್ಲಿ ಪುರಾವೆ ಇದೆಯಲ್ಲ! ಕೋಲನ್ನು ಎಲ್ಲರಿಗೂ ತೋರಿಸಿ ಇಂಚಿನ ಲೆಕ್ಕ ಒಪ್ಪಿಸಿದೆ. ಅವನು ಇನ್ನೇನೂ ಮಾತಾಡಲಿಲ್ಲ. ಪೈಪು ಸುತ್ತುತ್ತಿದ್ದ ಹುಡುಗನ ಕಡೆ ಒಂದು ಸಲ ನೋಡಿದ, ಅಷ್ಟೆ. ಆ ಹುಡುಗ ತಲೆ ತಗ್ಗಿಸಿ ಸುತ್ತಿದ್ದ ಪೈಪನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಪಿಯುಸಿ ಪರೀಕ್ಷೆ ಮುಗಿಸಿ ಅಪ್ಪನ ಜತೆ ಬಂದಿದ್ದ ಮಗ ಅಂತ ಆಮೇಲೆ ಗೊತ್ತಾಯಿತು. ನಾನು 900 ರೂಪಾಯಿ ಎಣಿಸಿ ಬಾನೆಟ್ ಮೇಲಿಟ್ಟೆ. ಲಾರಿಯ ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೊ ತೆಗೆದು ಬಡಾವಣೆಯ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ: ‘ಕಳ್ಳ. ಯಾರೂ ಕರೆಯಬೇಡಿ.’ ಬಡಾವಣೆ ಸಂಘದ ಕಾರ್ಯದರ್ಶಿಯಾದ ನನ್ನ ಮಾತು, ಯಾರೂ ಕರೆಯಲಿಲ್ಲ.

ಸಂಜೆ ನನ್ನ ಹೆಂಡತಿ ಮಹಡಿಯಿಂದ ಕೂಗಿದಳು. “ರೀ, ನೀವು ಮೋಟ್ರು ಹಾಕೇ ಇಲ್ಲ, ಇಲ್ಲಿ ನೀರು ಜೋರಾಗಿ ಬರ್ತಿದೆಯಲ್ಲ?”

ಹಿಂದಿನ ವಾರ ಯಶವಂತಪುರದ ನನ್ನ ಭಾವಮೈದ “ಭಾವ, ಇನ್ಮೇಲೆ ನೀವು ಕಾಯೋದೇ ಬೇಡ” ಅಂತ ಮೋಟ್ರಿಗೊಂದು ಆಟೊಮ್ಯಾಟಿಕ್ ಡಬ್ಬ ಕೂರಿಸಿ ಹೋಗಿದ್ದ. ಸಂಪು ಬತ್ತಿದರೆ ಮೋಟ್ರು ತಾನೇ ನಿಲ್ಲುತ್ತದೆ. ನೀರು ಏರಿ ಸೆನ್ಸರಿಗೆ ತಾಗಿದ ಕೂಡಲೇ ತಾನೇ ಶುರುವಾಗುತ್ತದೆ. ಅದನ್ನು ಆನ್ ಮಾಡಿಟ್ಟು ಹೋದವನು ಒಂದು ಮಾತು ಹೇಳಬಾರದಿತ್ತೆ? ಟ್ಯಾಂಕರಿನ ಸದ್ದಿನಲ್ಲಿ ನಮ್ಮ ಮೋಟ್ರಿನ ಸದ್ದು ಕೇಳಿಸಿರಲಿಲ್ಲ. ಕೆಳಗೆ ನೀರು ಬೀಳುತ್ತಿದ್ದ ಹಾಗೇ ಮೇಲೆ ಹೋಗುತ್ತಿತ್ತು. ನಾನು ಬೀದಿಯಲ್ಲಿ ಕೂಗಾಡುತ್ತಿದ್ದಾಗ ಆ 1,550 ಲೀಟರ್ ನನ್ನ ತಲೆಯ ಮೇಲೆಯೇ ಇತ್ತು. ಮೇಲೆ ಹತ್ತಿ ನೋಡಿ ಅಂತ ಅವನು ಹೇಳಿದ್ದು ಲಾರಿಯ ಮಾತು. ನಾನು ನಮ್ಮ ತಾರಸಿ ಹತ್ತಿದ್ದರೂ ಸಾಕಿತ್ತು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಕೋಲು ಹಿಡಿದು ಎರಡೆರಡು ಸಲ ಪ್ರಮಾಣಿಸಿಯೇ ತಪ್ಪಿದ್ದೆ.

ಅವತ್ತೇ ಗುಂಪಿನಲ್ಲಿ ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಕಾರ್ಯದರ್ಶಿಯೇ ತಪ್ಪಿದ ಅಂದರೆ ಮರ್ಯಾದೆ ಏನು ಉಳಿಯಿತು? ಉಳಿದ 300 ರೂಪಾಯಿ ಕವರಿನಲ್ಲಿಟ್ಟೆ. ಕವರು ಬೀರುವಿನಲ್ಲೇ ಉಳಿಯಿತು. ಕೊಡಿಗೇಹಳ್ಳಿ ಗೇಟಿನ ಹತ್ತಿರ ಆ ಲಾರಿ ಕಂಡರೆ ಮುಖ ಆಚೆ ತಿರುಗಿಸುತ್ತಿದ್ದೆ. ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್. ನನ್ನ ಮನಸ್ಸು ಹಾಕಿದ ಲೆಕ್ಕ ಕೇಳಿ: ಇನ್ನು ಟ್ಯಾಂಕರೇ ಬೇಡ, ಹಾಗಾದರೆ ಕ್ಷಮೆಯೂ ಬೇಡ.

ಅಜ್ಜಿಯ ಮಾತು ಸುಳ್ಳಾಗಲಿಲ್ಲ. ಹೊಸತೊಡಕಿನ ಜಗಳ ವರ್ಷ ತುಂಬಾ ನನ್ನೊಳಗೇ ನಡೆಯಿತು.

2025ರ ಮಾರ್ಚ್ 30, ವಿಶ್ವಾವಸು ಸಂವತ್ಸರದ ಯುಗಾದಿ. ಬೇವು ಬೆಲ್ಲ ಬಾಯಿಗೆ ಹಾಕುವಾಗ ಹೆಂಡತಿ, “ಇನ್ನೊಂದು ವರ್ಷ ಹೀಗೇ ಮುಖ ತಿರುಗಿಸ್ತೀರಾ?” ಅಂದಳು. ಹೋಳಿಗೆ ಡಬ್ಬಿ, ಆ ಕವರು ಹಿಡಿದು ಲಾರಿ ನಿಲ್ಲಿಸುವ ಜಾಗಕ್ಕೆ ಹೋದೆ. ಪೂಜೆ ಮಾಡಿ ಲಾರಿಗೆ ಮಾವಿನ ತೋರಣ ಕಟ್ಟಿದ್ದ. ಎಲ್ಲ ಹೇಳಿದೆ. ತಪ್ಪಾಯ್ತಪ್ಪಾ ಅಂದೆ.

ಅವನು ಕವರು ತೆಗೆದುಕೊಂಡ, ಡಬ್ಬಿ ಮುಟ್ಟಲಿಲ್ಲ. “ಬೈದಿದ್ದು ಬೀದೀಲಿ ಸಾರ್. ಹಾಕಿದ್ದು ಗ್ರೂಪಲ್ಲಿ. ಇಲ್ಲಿ ನನ್ನೊಬ್ಬನಿಗೆ ಹೇಳಿದ್ರೆ ಏನ್ ಬಂತು?”

ಅಲ್ಲೇ ನಿಂತು ಟೈಪು ಮಾಡಿದೆ. ಸಂಪು, ಡಬ್ಬ, ಇಂಚು, ಒಂದೂ ಬಿಡಲಿಲ್ಲ. ಕಳಿಸುವ ಮುಂಚೆ ಅವನಿಗೇ ಓದಲು ಕೊಟ್ಟೆ. ಓದಿ, “ಕಳ್ಳ ಅಂದಿದ್ದು ತಪ್ಪು ಅಂತ ಬರ್ದಿಲ್ವಲ್ಲ ಸಾರ್” ಅಂದ. ಅದನ್ನೂ ಸೇರಿಸಿದೆ. ಆಮೇಲೆ ಡಬ್ಬಿ ತೆಗೆದುಕೊಂಡ.

ನನ್ನಂಥವರಿಗೆ ಮೂರು ಮಾತು. ಸಂಪಿಗೆ ನೀರು ಬಿಡಿಸುವ ಮುಂಚೆ ಮೋಟ್ರಿನ ಸ್ವಿಚ್ಚು ಆರಿಸಿ. ಯಾರದೇ ಗಾಡಿಯ ಫೋಟೊ ಗುಂಪಿಗೆ ಹಾಕುವ ಮುಂಚೆ ಒಂದು ರಾತ್ರಿ ಕಳೆಯಲಿ. ತಪ್ಪು ಎಲ್ಲಿ ಆಡಿದಿರೋ ಅಲ್ಲೇ ಒಪ್ಪಿಕೊಳ್ಳಿ, ಹೋಳಿಗೆ ಆಮೇಲೆ.

ಮೇ ತಿಂಗಳಲ್ಲಿ ಮತ್ತೆ ನೀರು ಬೇಕಾಯಿತು. ಫೋನ್ ಮಾಡಿದೆ, ಬಂದ. ಉಳಿದ ಮನೆಗಳಲ್ಲಿ ನೀರು ಬಿಟ್ಟ ಮೇಲೆ ದುಡ್ಡು ಕೇಳುತ್ತಾನೆ. ನಮ್ಮ ಮನೆಯಲ್ಲಿ ಮಾತ್ರ ಮೊದಲು ಎಣಿಸಿಕೊಂಡು ಜೇಬಿಗೆ ಹಾಕಿಕೊಂಡ, ಆಮೇಲೆ ಪೈಪು ಬಿಚ್ಚಿದ.

“ಮೋಟ್ರು ಆಫ್ ಇದೆಯಾ ಸಾರ್?”

ಒಳಗೆ ಹೋಗಿ ನೋಡಿಕೊಂಡು ಬಂದು, ಇದೆ ಅಂದೆ.